ಮಳೆಗಾಲಕ್ಕೆ ಮೇಣ, ಚಳಿಗಾಲಕ್ಕೆ ಸಾಬೂನು

ಮನೆಯಲ್ಲಿ ಸಾಬೂನು ಮಾಡಲು ಹೊರಟವರಿಗೆ ಸಿಗುವ ಸೂಚನೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳಲ್ಲಿ ಕುಳಿತು ಬರೆದಂಥವು. ಕಾರ್ಖಾನೆಯಲ್ಲಿ ತಯಾರಾಗಿ ಗಟ್ಟಿಯಾಗಿ ಸಿಗುವ ಸೋಪ್ ಬೇಸ್ ಕತ್ತರಿಸಿ, ಕರಗಿಸಿ, ಬಣ್ಣ ಮತ್ತು ಪರಿಮಳ ಬೆರೆಸಿ, ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ತೆಗೆದಿಡಿ ಎಂದು ಅವು ಹೇಳುತ್ತವೆ. ಒಣ ಹವೆಯಲ್ಲಿ ಅಷ್ಟಕ್ಕೇ ಕೆಲಸ ಮುಗಿಯುತ್ತದೆ ಕೂಡ. ಸಿರಸಿಯಲ್ಲಿ ಆರಿದ್ರಾ ಮಳೆ ಹಿಡಿದ ವಾರದಲ್ಲಿ ಇದೇ ಕ್ರಮವನ್ನು ಚಾಚೂ ತಪ್ಪದೆ ಅನುಸರಿಸಿದರೂ, ಸಂಜೆ ಅಚ್ಚಿನಿಂದ ಬಿಡಿಸಿಟ್ಟ ಸಾಬೂನಿನ ಮೈಮೇಲೆ ಬೆಳಗಾಗುವಷ್ಟರಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಹನಿಗಳು ಮೂಡಿ ನಿಂತಿರುತ್ತವೆ. ಒರೆಸಿಟ್ಟರೆ ಮಧ್ಯಾಹ್ನದೊಳಗೆ ಮತ್ತೆ ಮೂಡುತ್ತವೆ. ಹಾಲು ಕೊಡಲು ಬಂದ ಪಕ್ಕದ ಮನೆಯ ಅತ್ತಿಗೆ ಅದನ್ನು ನೋಡಿ, "ಸೋಪಿಗೂ ಬೆವರು ಬತ್ತನೇ ತಂಗಿ?" ಎಂದು ಕೇಳಿದ್ದರು. ಬರುತ್ತದೆ. ಅದಕ್ಕೆ ಕಾರಣವೂ ಇದೆ, ಉಪಾಯವೂ ಇದೆ.

ಮೆಲ್ಟ್ ಆಂಡ್ ಪೋರ್ ಎಂಬ ಹೆಸರಿನಲ್ಲಿ ಮಾರುವ ಈ ಬೇಸ್ ಅನ್ನು "ಅದೇನು ಮಹಾ, ತಂದದ್ದನ್ನು ಕರಗಿಸುವುದು" ಎಂದು ಹಗುರವಾಗಿ ಕಾಣುವವರಿದ್ದಾರೆ. ಎಣ್ಣೆ ಅಥವಾ ಕೊಬ್ಬು ಕಾಸ್ಟಿಕ್ ಸೋಡಾದೊಂದಿಗೆ ಸೇರಿ ಸಾಬೂನು ಮತ್ತು ಗ್ಲಿಸರಿನ್ ಆಗಿ ಮಾರ್ಪಡುವ ಕ್ರಿಯೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ ಎಂಬುದು ನಿಜ. ಅದೇ ಕ್ರಿಯೆಯನ್ನು ಮನೆಯಲ್ಲಿ ನಡೆಸುವ ಕೋಲ್ಡ್ ಪ್ರೊಸೆಸ್ ವಿಧಾನದಲ್ಲಿ, ಚರ್ಮ ಸುಡುವ ಮತ್ತು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು ತರುವ ಸೋಡಾ ದ್ರಾವಣವನ್ನು ಬಳಸಬೇಕಾಗುತ್ತದೆ; ಮಾಡಿದ ಸಾಬೂನು ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಕಾಯಬೇಕಾಗುತ್ತದೆ. ಮಕ್ಕಳು ಓಡಾಡುವ ಅಡುಗೆಮನೆಯಲ್ಲೇ ಎಲ್ಲ ಪ್ರಯೋಗವನ್ನೂ ನಡೆಸಬೇಕಾದ ನನಗೆ ಆ ದಾರಿ ಬೇಡವೆನಿಸಿತು. ಹಾಗೆಂದು ಬೇಸ್ ಕರಗಿಸುವ ಕೆಲಸದಲ್ಲಿ ಕಲಿಯುವುದಕ್ಕೇನೂ ಇಲ್ಲವೆಂದು ಭಾವಿಸಬಾರದು. ರಾಸಾಯನಿಕ ಕ್ರಿಯೆ ಕಾರ್ಖಾನೆಯವರ ಪಾಲಿಗೆ ಹೋದರೂ, ಹವೆ, ಬಿಸಿ, ಬಣ್ಣ ಮತ್ತು ಪರಿಮಳ ಈ ನಾಲ್ಕೂ ಮಾಡುವವರ ಕೈಯಲ್ಲೇ ಉಳಿದಿರುತ್ತವೆ, ಮತ್ತು ಮಲೆನಾಡಿನಲ್ಲಿ ಮೊದಲನೆಯದೇ ಉಳಿದ ಮೂರನ್ನು ಆಳುತ್ತದೆ.

ಬೇಸ್ ಪಾರದರ್ಶಕವಾಗಿರಲು ಮತ್ತು ಬಿಸಿ ಮಾಡಿದಾಗಲೆಲ್ಲ ಕರಗಲು ಅದರಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್ ಮುಂತಾದವನ್ನು ಧಾರಾಳವಾಗಿ ಸೇರಿಸಿರುತ್ತಾರೆ. ಇವೆಲ್ಲವೂ ಗಾಳಿಯಲ್ಲಿರುವ ನೀರಿನ ಪಸೆಯನ್ನು ಎಳೆದುಕೊಳ್ಳುವ ಗುಣವುಳ್ಳವು. ಚರ್ಮಕ್ಕೆ ಗ್ಲಿಸರಿನ್ ಒಳ್ಳೆಯದೆಂದು ಹೇಳುವುದು ಈ ಗುಣದಿಂದಲೇ. ಸಾಬೂನು ಬೆವರುವುದೂ ಇದರಿಂದಲೇ. ಹನಿ ಮೂಡಿದ ಸಾಬೂನು ಕೆಟ್ಟಿರುವುದಿಲ್ಲ, ಬಳಸಲು ಅಡ್ಡಿಯಿಲ್ಲ, ಆದರೆ ಮುಟ್ಟಿದರೆ ಅಂಟುತ್ತದೆ, ಕಾಗದದಲ್ಲಿ ಸುತ್ತಿದರೆ ಕಾಗದ ತೊಯ್ದು ಹಿಡಿಯುತ್ತದೆ, ಕೊಟ್ಟವರಿಗೂ ಪಡೆದವರಿಗೂ ಮುಜುಗರವಾಗುತ್ತದೆ. ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿಡುವ ಅಭ್ಯಾಸ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ, ಏಕೆಂದರೆ ತಣ್ಣಗಿನ ಸಾಬೂನು ಹೊರಬಂದ ಕೂಡಲೇ ಹಸಿ ಗಾಳಿಯ ನೀರೆಲ್ಲ ಅದರ ಮೇಲೆ ಕಟ್ಟಿಕೊಳ್ಳುತ್ತದೆ. ಕೋಣೆಯಲ್ಲೇ ಆರಲು ಬಿಟ್ಟು, ಒಳಗಿನ ಬಿಸಿ ಪೂರ್ತಿ ಇಳಿದ ಬಳಿಕ ಅಚ್ಚಿನಿಂದ ಬಿಡಿಸಿ, ಆಗಿಂದಾಗಲೇ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಬಿಗಿಯಾಗಿ ಸುತ್ತುವುದು ಇದಕ್ಕೆ ಉಪಾಯ. ಪ್ಲಾಸ್ಟಿಕ್ ಬೇಡವೆನ್ನುವವರ ಮನಸ್ಸು ನನಗೆ ಅರ್ಥವಾಗುತ್ತದೆ, ಆದರೆ ಘಟ್ಟದ ಮೇಲಿನ ಆಷಾಢದಲ್ಲಿ ಬೇರೆ ಯಾವ ಹೊದಿಕೆಯೂ ನಿಲ್ಲಲಿಲ್ಲ. ಇದಕ್ಕಿಂತ ಸರಳವಾದ ದಾರಿಯೆಂದರೆ ಮಳೆಗಾಲದಲ್ಲಿ ಸಾಬೂನಿನ ಗೊಡವೆಗೇ ಹೋಗದಿರುವುದು. ಅಂಗಳದಲ್ಲಿ ಅಡಿಕೆ ಒಣಗುವ ಹವೆಯಲ್ಲಿ ಸಾಬೂನೂ ಒಣಗಿ ನಿಲ್ಲುತ್ತದೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಆರಂಭಿಸಿ ಶಿವರಾತ್ರಿಯೊಳಗೆ ವರ್ಷಕ್ಕೆ ಬೇಕಾದಷ್ಟನ್ನು ಮಾಡಿ, ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಗೆ ತುಂಬಿಡುತ್ತೇನೆ. ಕಾರವಾರದಲ್ಲಿರುವ ನನ್ನ ತಂಗಿಗೆ ಈ ಸೌಲಭ್ಯವೂ ಇಲ್ಲ. ಕಡಲ ಗಾಳಿಗೆ ಚಳಿಗಾಲದಲ್ಲೂ ಪಸೆ ಇರುವುದರಿಂದ ಅವಳು ಜನವರಿಯಲ್ಲಿಯೂ ಸುತ್ತದೆ ಬಿಡುವುದಿಲ್ಲ.

ಕರಗಿಸುವ ಹದದ ಬಗ್ಗೆ ಹೇಳುವುದು ಸ್ವಲ್ಪವೇ, ಆದರೆ ಮುಖ್ಯ. ಬೇಸ್ ಅನ್ನು ನೆಲ್ಲಿಕಾಯಿ ಗಾತ್ರದ ತುಂಡುಗಳನ್ನಾಗಿ ಕತ್ತರಿಸಿ, ಕುದಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. 55 ರಿಂದ 65 ಡಿಗ್ರಿ ಸೆಲ್ಸಿಯಸ್ ಒಳಗೆ ಅದು ಕರಗುತ್ತದೆ. 70 ಡಿಗ್ರಿ ದಾಟಿ ಬಿಸಿ ಮಾಡುತ್ತ ಹೋದರೆ ಅದರಲ್ಲಿರುವ ನೀರು ಆವಿಯಾಗಿ, ಬಣ್ಣ ಹಳದಿಗೆ ತಿರುಗಿ, ಸಾಬೂನು ರಬ್ಬರಿನಂತೆ ಜಿಗುಟಾಗುತ್ತದೆ. ಸೌಟಿನಿಂದ ರಭಸವಾಗಿ ತಿರುವಿದರೆ ನೊರೆ ಏಳುತ್ತದೆಯಾದ್ದರಿಂದ ನಿಧಾನವಾಗಿ ಕಲಕಬೇಕು. ಅಚ್ಚಿಗೆ ಹೊಯ್ದ ಮೇಲೆ ಕಾಣುವ ಗುಳ್ಳೆಗಳ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸಣ್ಣಗೆ ಚಿಮುಕಿಸಿದರೆ ಅವು ಕಣ್ಣೆದುರೇ ಒಡೆದು ಮೇಲ್ಮೈ ನುಣುಪಾಗುತ್ತದೆ. ಎರಡು ಬಣ್ಣದ ಪದರ ಬೇಕಿದ್ದರೆ ಮೊದಲ ಪದರಕ್ಕೆ ಕೆನೆ ಕಟ್ಟಿದ ಹೊತ್ತಿನಲ್ಲಿ ಅದೇ ಆಲ್ಕೊಹಾಲು ಚಿಮುಕಿಸಿ ಎರಡನೆಯದನ್ನು 50 ಡಿಗ್ರಿಯ ಆಸುಪಾಸಿನಲ್ಲಿ ಹೊಯ್ಯಬೇಕು. ಹೆಚ್ಚು ಬಿಸಿಯಿದ್ದರೆ ಕೆಳಗಿನದು ಕರಗಿ ಬೆರೆಯುತ್ತದೆ, ಆಲ್ಕೊಹಾಲು ಮರೆತರೆ ಸ್ನಾನದ ನಡುವೆ ಪದರಗಳು ಕಳಚಿ ಬೇರೆಯಾಗುತ್ತವೆ. ಈ ಆಲ್ಕೊಹಾಲು ಬೇಗ ಬೆಂಕಿ ಹಿಡಿಯುವಂಥದ್ದಾದ್ದರಿಂದ ಒಲೆ ಆರಿಸದೆ ಆ ಬಾಟಲಿಯನ್ನು ಕೈಗೆತ್ತಿಕೊಳ್ಳಬಾರದು.

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಬಣ್ಣ. ನಮ್ಮ ತೋಟ, ಬೆಟ್ಟಗಳಲ್ಲಿ ಬಣ್ಣಕ್ಕೇನು ಬರವಿಲ್ಲವಲ್ಲ ಎಂದುಕೊಂಡು ಮೊದಲು ಬಳಸಿದ್ದು ಮುರುಗಲು, ಅಂದರೆ ಕೋಕಂ. ಅದರ ಸಿಪ್ಪೆಯ ರಸ ಪಾನಕದಲ್ಲಿ ಎಷ್ಟು ಚೆಂದದ ಕೆಂಪು ಕೊಡುತ್ತದೆಂಬುದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆ ಕೆಂಪು ಆಂಥೋಸಯಾನಿನ್ ಎಂಬ ವರ್ಗಕ್ಕೆ ಸೇರಿದ್ದು. ಹುಳಿಯಲ್ಲಿ ಮಾತ್ರ ಅದು ಕೆಂಪಾಗಿ ನಿಲ್ಲುತ್ತದೆ. ಸಾಬೂನು ಕ್ಷಾರೀಯ ಪದಾರ್ಥ. ಬಿಳಿ ಬೇಸಿಗೆ ಆ ರಸದ ನಾಲ್ಕಾರು ಹನಿ ಬಿದ್ದ ಕ್ಷಣದಲ್ಲಿ ಕೆಂಪು ಮಾಯವಾಗಿ ನೀಲಿ ಛಾಯೆ ತೋರಿ, ನೋಡನೋಡುತ್ತಿದ್ದಂತೆ ಕೆಸರು ಬೂದಿಗೆ ಇಳಿಯುತ್ತದೆ. ದಾಸವಾಳದ ಎಸಳಿನ ಗತಿಯೂ ಇದೇ. ಅರಿಶಿನ ಇದಕ್ಕೆ ವಿರುದ್ಧ: ಚಿಟಿಕೆಯಷ್ಟು ಹಾಕಿದರೂ ಹಳದಿ ಹೋಗಿ ಕಿತ್ತಳೆಯ ಕಡೆಗೆ ತಿರುಗುತ್ತದೆ. ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುವ ಮನೆಗಳಲ್ಲಿ ಬೆಳೆದವರಿಗೆ ಇದು ಹೊಸತಲ್ಲ, ಸುಣ್ಣ ಮಾಡುವ ಕೆಲಸವನ್ನೇ ಸಾಬೂನು ಸ್ವಲ್ಪ ಸೌಮ್ಯವಾಗಿ ಮಾಡುತ್ತದೆ. ಅಡಿಕೆ ಬೇಯಿಸಿದ ಚೊಗರು ಕೂಡ ನನ್ನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಅದರಲ್ಲಿರುವ ಟ್ಯಾನಿನ್ ಕ್ಷಾರ ತಾಗಿ ಕಪ್ಪುಗಂದು ಬಣ್ಣಕ್ಕೆ ಹೋಗುತ್ತದೆ, ನೋಡಲು ಗಂಭೀರವಾಗಿಯೇ ಇರುತ್ತದೆ, ಆದರೆ ಟವೆಲಿಗೆ ಹಿಡಿದ ಕಲೆ ಹೋಗುವುದಿಲ್ಲವಾದ್ದರಿಂದ ಮನೆಯಲ್ಲಿ ಅದಕ್ಕೆ ನಿಷೇಧ ಬಿದ್ದಿದೆ. ಚೆಂಡುಹೂವಿನ ಒಣ ಎಸಳಿನ ಬಣ್ಣ ಮಾತ್ರ ಕ್ಷಾರಕ್ಕೆ ಜಗ್ಗುವುದಿಲ್ಲ. ತುಳಸಿ, ಬೇವಿನ ಸೊಪ್ಪಿನ ಪುಡಿ ಹಾಕಿದ ಸಾಬೂನು ಮೊದಲ ವಾರ ಹಸಿರಾಗಿದ್ದು ಆಮೇಲೆ ಕಂದಾಗುತ್ತದೆ. ಅದನ್ನು ತಡೆಯಲು ಹೋಗದೆ ಒಪ್ಪಿಕೊಳ್ಳುವುದೇ ಲೇಸು. ಇವೆಲ್ಲವನ್ನೂ ಒಣ ಪುಡಿಯಾಗಿ, ತುಸು ಗ್ಲಿಸರಿನ್ನಿನಲ್ಲಿ ಕಲಸಿ ಬಳಸಬೇಕು. ಹಸಿ ಹಾಲು, ಹಸಿ ಹಣ್ಣಿನ ತಿರುಳು, ಹಸಿ ಎಲೆಯ ರಸ ಹಾಕಿದ ಸಾಬೂನಿನಲ್ಲಿ ಬೂಷ್ಟು ಬರುವುದಕ್ಕೆ ಮಲೆನಾಡಿನಲ್ಲಿ ಹೆಚ್ಚು ದಿನ ಬೇಕಾಗುವುದಿಲ್ಲ. ನಾನು ಈಗಲೂ ಹಸಿ ರಸ ಕೈಗೆತ್ತಿಕೊಳ್ಳುವುದು ಮಕ್ಕಳಿಗೆ ಬಣ್ಣ ಮಾರ್ಪಡುವುದನ್ನು ತೋರಿಸಲು ಮಾತ್ರ, ಅದೂ ಒಂದು ಬಟ್ಟಲಿನಷ್ಟು.

ಪರಿಮಳದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟಾದದ್ದು. ಸಾಬೂನಿಗೆ ಒಟ್ಟು ತೂಕದ 1 ರಿಂದ 2 ಶೇಕಡಾ ಸಾಕು. ಅರ್ಧ ಕಿಲೋ ಬೇಸಿಗೆ 5 ರಿಂದ 10 ಗ್ರಾಂ. ಹನಿ ಎಣಿಸುವುದನ್ನು ಬಿಟ್ಟು ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯನ್ನು ಕೊಳ್ಳುವುದು ಈ ಹವ್ಯಾಸಕ್ಕೆ ಮಾಡಬಹುದಾದ ಒಳ್ಳೆಯ ಖರ್ಚು. ಚರ್ಮಕ್ಕೆ ಸುರಕ್ಷಿತವೆಂದು ನಮೂದಿಸಿದ ಪರಿಮಳವನ್ನಷ್ಟೇ ಬಳಸಬೇಕು. ಊದಿನಕಡ್ಡಿಗೆ ಮಾರುವ ಸುಗಂಧ ಅಗ್ಗವಾಗಿ ಸಿಗುತ್ತದೆಂದು ಅದನ್ನು ಸಾಬೂನಿಗೆ ಹಾಕುವವರನ್ನು ನೋಡಿದ್ದೇನೆ. ಅದು ಉರಿಸಲು ತಯಾರಾದದ್ದು, ಮೈಗೆ ಹಚ್ಚಲು ತಯಾರಾದದ್ದಲ್ಲ. ದಾಲ್ಚಿನ್ನಿ ಮತ್ತು ಲವಂಗದ ತೈಲಗಳು ನಮ್ಮಲ್ಲಿ ಮನೆಮಾತಾದರೂ ಚರ್ಮವನ್ನು ಉರಿಸುತ್ತವೆ, ಆದ್ದರಿಂದ ಅವನ್ನು ಮೇಣದಬತ್ತಿಗೆ ಮೀಸಲಿಟ್ಟಿದ್ದೇನೆ. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಸಾಬೂನಿಗೆ ಮಿತವಾಗಿಯೂ ಮೇಣಕ್ಕೆ ಧಾರಾಳವಾಗಿಯೂ ಬಳಸಬಹುದು. ವೆನಿಲಾ ಇರುವ ಯಾವ ಪರಿಮಳವೂ ಬಿಳಿ ಸಾಬೂನನ್ನು ಕ್ರಮೇಣ ಕಂದಾಗಿಸುತ್ತದೆ, ಅದರಲ್ಲಿರುವ ವೆನಿಲಿನ್ ಅಂಶದ ಸ್ವಭಾವವೇ ಹಾಗೆ. ಎರಡು ದಶಕಗಳ ಹಿಂದೆ ವೆನಿಲಾ ಬೆಲೆ ಗಗನಕ್ಕೇರಿದಾಗ ಬಳ್ಳಿ ಹಬ್ಬಿಸಿ, ಬೆಲೆ ಬಿದ್ದಾಗ ಕಿತ್ತೆಸೆದ ಮನೆಗಳು ನಮ್ಮ ಕಡೆ ಬಹಳ ಇವೆ; ಆ ಕೋಡುಗಳ ಬಣ್ಣ ನೆನಪಿರುವವರು ಈ ಕಂದು ಬಣ್ಣವನ್ನು ದೋಷವೆಂದು ಎಣಿಸಲಾರರು. ಶ್ರೀಗಂಧದ ಸಾಬೂನು ಮಾಡಿಕೊಡಿ ಎಂದು ಕೇಳುವವರಿಗೆ ಮಾತ್ರ ಆಗುವುದಿಲ್ಲವೆನ್ನುತ್ತೇನೆ. ಮೈಸೂರಿನಲ್ಲಿ 1916 ರಲ್ಲಿ ಗಂಧದೆಣ್ಣೆಯ ಸರಕಾರಿ ಕಾರ್ಖಾನೆ ಆರಂಭವಾದ ಮೇಲೆ ಹುಟ್ಟಿದ ಆ ಸಾಬೂನಿನ ಪರಿಮಳ ಕನ್ನಡಿಗರ ಮೂಗಿನಲ್ಲಿ ನೆಲೆಯೂರಿದೆ. ಅಸಲಿ ಎಣ್ಣೆಯ ಬೆಲೆ ಹವ್ಯಾಸಿಗಳಿಗೆ ಎಟುಕುವಂಥದ್ದಲ್ಲ, ನಕಲಿ ಸುಗಂಧವನ್ನು ಗಂಧವೆಂದು ಕೊಡಲು ಮನಸ್ಸೊಪ್ಪುವುದಿಲ್ಲ.

ಸುರಗಿಯ ವಿಷಯ ಬೇರೆಯೇ. ಒಣಗಿದ ಮೇಲೂ ಪರಿಮಳ ಬಿಡದ ಈ ಹೂವಿನ ಮಾಲೆಯನ್ನು ಬೀರುವಿನ ಸೀರೆಗಳ ನಡುವೆ ಇಡುವ ಪದ್ಧತಿ ಕರಾವಳಿಯಲ್ಲಿ ಇನ್ನೂ ಉಳಿದಿದೆ. ಕರಗಿದ ಬೇಸಿಗೆ ಸುರಗಿಯನ್ನು ಹಾಕಿದರೆ ಹೂ ಕಪ್ಪಾಗುತ್ತದೆಯೇ ಹೊರತು ಪರಿಮಳ ಇಳಿಯುವುದಿಲ್ಲ. ಒಣ ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ ಕೆಲವು ವಾರ ಬಿಟ್ಟು ಶೋಧಿಸಿದರೆ ಎಣ್ಣೆಗೆ ಹಿತವಾದ ಗಂಧ ಬರುತ್ತದೆ, ಆದರೆ ಆ ಎಣ್ಣೆಯನ್ನು ಅರ್ಧ ಕಿಲೋ ಬೇಸಿಗೆ ಒಂದು ಚಮಚೆಗಿಂತ ಹೆಚ್ಚು ಸೇರಿಸುವಂತಿಲ್ಲ. ಸೇರಿಸಿದರೆ ನೊರೆ ಸತ್ತು ಸಾಬೂನು ಜಿಡ್ಡಾಗುತ್ತದೆ. ಮುರುಗಲ ತುಪ್ಪಕ್ಕೂ ಇದೇ ಮಿತಿ. ಹಿಮ್ಮಡಿ ಒಡೆದಾಗ ಆಯಿ ಹಚ್ಚುತ್ತಿದ್ದ ಆ ಬಿಳಿ ಗಟ್ಟಿ ತುಪ್ಪ 40 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಸಾಬೂನಿನ ಹದವನ್ನು ತುಸು ಬಿಗಿಗೊಳಿಸುತ್ತದೆ ಕೂಡ. ಹಿತ್ತಿಲಲ್ಲಿ ಬಲಿತು ಒಣಗಿದ ತುಪ್ಪದ ಹೀರೆಯ ನಾರನ್ನು ಬಿಲ್ಲೆಯಾಗಿ ಕತ್ತರಿಸಿ ಅಚ್ಚಿನಲ್ಲಿಟ್ಟು ಅದರ ಮೇಲೆ ಬೇಸ್ ಹೊಯ್ದರೆ ಮೈಯುಜ್ಜುವ ಸಾಬೂನು ಸಿದ್ಧ. ತೋಟದ ಕೆಲಸ ಮಾಡುವವರು ನಮ್ಮಲ್ಲಿ ಕೇಳಿ ಪಡೆಯುವುದು ಇದೊಂದನ್ನೇ.

ಮಳೆ ಹಿಡಿದ ಮೇಲೆ ನನ್ನ ಒಲೆಯ ಮೇಲೆ ಮೇಣ ಏರುತ್ತದೆ. ಸಾಬೂನಿಗೂ ಮೇಣದಬತ್ತಿಗೂ ನಂಟು ಹಳೆಯದು. ಕೊಬ್ಬಿನಲ್ಲಿ ಏನಿದೆಯೆಂದು ಸಾಬೂನನ್ನು ಬಿಡಿಸಿ ನೋಡಿದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೊಲ್, ತಾನು ಕಂಡುಕೊಂಡ ಸ್ಟಿಯರಿಕ್ ಆಮ್ಲದಿಂದ ಮೇಣದಬತ್ತಿ ಮಾಡುವುದಕ್ಕೆ 1825 ರಲ್ಲಿ ಗೇ ಲುಸಾಕ್ ಜೊತೆಗೂಡಿ ಪೇಟೆಂಟ್ ಪಡೆದಿದ್ದ. ನಮ್ಮ ಮುರುಗಲ ತುಪ್ಪದಲ್ಲೂ ಆ ಸ್ಟಿಯರಿಕ್ ಆಮ್ಲ ಹೇರಳವಾಗಿದೆ. ಆದರೆ ಹವೆಯ ಲೆಕ್ಕದಲ್ಲಿ ಇವೆರಡರ ಸ್ವಭಾವ ತದ್ವಿರುದ್ಧ: ಮೇಣ ನೀರನ್ನು ಹೀರುವುದಿಲ್ಲ. ಹೊರಗೆ ಎಷ್ಟೇ ಸುರಿಯಲಿ, ಅದು ತನ್ನ ಪಾಡಿಗೆ ತಾನು ಆರುತ್ತದೆ. ಒದ್ದೆ ಪಾತ್ರೆ, ತೇವ ಹಿಡಿದ ಬತ್ತಿ ಇವೆರಡನ್ನು ದೂರವಿಟ್ಟರಾಯಿತು, ಏಕೆಂದರೆ ಬತ್ತಿಯಲ್ಲಿ ನೀರಿದ್ದರೆ ದೀಪ ಚಟಚಟನೆ ಸಿಡಿಯುತ್ತದೆ. ಬತ್ತಿಯ ಸುರುಳಿಯನ್ನು ಅಕ್ಕಿ ಡಬ್ಬಿಯೊಳಗೆ ಹುದುಗಿಸಿಡುವುದು ನನ್ನ ರೂಢಿ.

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್. ಅದು ಆರುವಾಗ ಕುಗ್ಗಿ ಬತ್ತಿಯ ಸುತ್ತ ಕುಳಿ ಬೀಳುತ್ತದೆ, ಎರಡನೆಯ ಸಲ ಸ್ವಲ್ಪ ಹೊಯ್ದು ತುಂಬಬೇಕು. ಗಾಜಿನ ಲೋಟದ ಪರಿಮಳ ಬತ್ತಿಗಳಿಗೆ ಸೋಯಾ ಮೇಣ ಒಗ್ಗುತ್ತದೆ. ಸೋಯಾ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡಿದ ಈ ಮೇಣವನ್ನು 75 ರಿಂದ 80 ಡಿಗ್ರಿಯವರೆಗೆ ಕಾಯಿಸಿ, ಒಲೆಯಿಂದಿಳಿಸಿ, ತೂಕದ 6 ರಿಂದ 8 ಶೇಕಡಾ ಪರಿಮಳ ಬೆರೆಸಿ, ಎರಡು ನಿಮಿಷ ನಿಧಾನವಾಗಿ ಕಲಕಿ, 60 ಡಿಗ್ರಿಗೆ ಇಳಿದಾಗ ಹೊಯ್ಯುತ್ತೇನೆ. 200 ಗ್ರಾಂ ಮೇಣಕ್ಕೆ 16 ಗ್ರಾಂಗಿಂತ ಹೆಚ್ಚು ಪರಿಮಳ ಹಾಕಿದರೆ ಘಮ ಹೆಚ್ಚುವ ಬದಲು ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ಆಮೇಲೆ ಒಂದೆರಡು ವಾರ ಮುಚ್ಚಿಟ್ಟರೆ ಪರಿಮಳ ಮೇಣದಲ್ಲಿ ನೆಲೆಗೊಳ್ಳುತ್ತದೆ. ಅಡುಗೆಯ ಎಸೆನ್ಸು ಇಲ್ಲಿ ನಡೆಯುವುದಿಲ್ಲ, ಅದು ಮೇಣದಲ್ಲಿ ಬೆರೆಯದೆ ತಳಕ್ಕಿಳಿಯುತ್ತದೆ. ಅರಿಶಿನ, ಏಲಕ್ಕಿ ಮುಂತಾದ ಪುಡಿಗಳೂ ಬೇಡ. ಅವು ಬತ್ತಿಯ ಎಳೆಗಳಲ್ಲಿ ಕಟ್ಟಿಕೊಂಡು ದೀಪವನ್ನು ಉಸಿರುಗಟ್ಟಿಸುತ್ತವೆ.

ನನ್ನ ಒಲವು ಜೇನುಮೇಣದ ಕಡೆಗೆ. ಸಿರಸಿಯ ಸುತ್ತಮುತ್ತ ತುಡುವೆ ಜೇನು ಸಾಕುವವರು ಬಹಳ ಮಂದಿ. ಹಳೆಯ ಎರಿಗಳನ್ನು ಬದಲಿಸುವಾಗ ಕೇಳಿದರೆ ಕೊಡುತ್ತಾರೆ. ಕಪ್ಪಾದ ಆ ಎರಿಗಳನ್ನು ತೆಳು ಬಟ್ಟೆಯ ಗಂಟಿನಲ್ಲಿ ಕಟ್ಟಿ, ನೀರಿನಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಮೇಣ ಬಟ್ಟೆಯಿಂದ ಜಿನುಗಿ ಮೇಲೆ ತೇಲುತ್ತದೆ, ಗಸಿ ಗಂಟಿನಲ್ಲೇ ಉಳಿಯುತ್ತದೆ. ರಾತ್ರಿಯಿಡೀ ಅಲುಗಿಸದೆ ಬಿಟ್ಟರೆ ಬೆಳಗ್ಗೆ ಪಾತ್ರೆಯ ಅಗಲಕ್ಕೂ ಹಳದಿ ಬಿಲ್ಲೆಯೊಂದು ನೀರಿನ ಮೇಲೆ ಕಟ್ಟಿರುತ್ತದೆ. ಅದರ ಅಡಿಗೆ ಅಂಟಿದ ಬೂದು ಬಣ್ಣದ ಮಡ್ಡಿಯನ್ನು ಚಾಕುವಿನಿಂದ ಹೆರೆದು, ಮೇಣವನ್ನು ಇನ್ನೊಮ್ಮೆ ಕರಗಿಸಿ ಶೋಧಿಸಿದರೆ ಶುದ್ಧವಾಗುತ್ತದೆ. ಒಂದು ಬುಟ್ಟಿ ಎರಿಯಿಂದ ಬರುವ ಮೇಣ ನೋಡಿದರೆ ನಿರಾಸೆಯಾಗುವಷ್ಟು ಕಡಿಮೆ. ಆದರೆ 62 ರಿಂದ 64 ಡಿಗ್ರಿಯಲ್ಲಿ ಕರಗುವ ಈ ಮೇಣ ನಿಧಾನವಾಗಿ ಉರಿಯುತ್ತದೆ, ಹೊರಗಿನ ಪರಿಮಳವನ್ನು ಬೇಡುವುದಿಲ್ಲ, ಜೇನು ಮತ್ತು ಹೂಪುಡಿಯ ವಾಸನೆ ಅದರಲ್ಲೇ ಇರುತ್ತದೆ. ದಪ್ಪ ಬತ್ತಿ ಬೇಕು, ಅಷ್ಟೇ. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಬಾರದ ಆಗಸ್ಟ್ ರಾತ್ರಿಗಳಲ್ಲಿ ಉರಿಸಲು ನಾನು ತೆಗೆದಿಡುವುದು ಇದನ್ನೇ.

ಬತ್ತಿಯ ದಪ್ಪ ಲೋಟದ ಅಗಲಕ್ಕೆ ಹೊಂದದಿದ್ದರೆ ಉಳಿದೆಲ್ಲ ಶ್ರಮವೂ ವ್ಯರ್ಥ. ತೆಳು ಬತ್ತಿ ನಡುವೆ ಬಾವಿ ಕೊರೆಯುತ್ತ ಇಳಿದು ಸುತ್ತಲಿನ ಮೇಣವನ್ನು ಹಾಗೇ ಬಿಡುತ್ತದೆ; ಅತಿ ದಪ್ಪದ್ದು ಹೊಗೆ ಕಾರಿ ಗಾಜನ್ನು ಕಪ್ಪು ಮಾಡುತ್ತದೆ. ಮೊದಲ ಸಲ ಹಚ್ಚಿದಾಗ ಕರಗಿದ ಮೇಣ ಲೋಟದ ಅಂಚು ಮುಟ್ಟುವವರೆಗೆ ಆರಿಸಬಾರದು, ಮತ್ತು ಪ್ರತಿ ಸಲ ಹಚ್ಚುವ ಮುನ್ನ ಬತ್ತಿಯನ್ನು 5-6 ಮಿಲಿಮೀಟರಿಗೆ ಕತ್ತರಿಸಬೇಕು. ತೆಂಗಿನ ಕರಟದಲ್ಲಿ ಮೇಣ ತುಂಬಿ ಚಿತ್ರ ತೆಗೆಯುವುದು ಈಗ ಎಲ್ಲೆಡೆ ಕಾಣುತ್ತದೆ. ನೋಡಲು ಅಂದವಾದರೂ ನಾನು ಅದನ್ನು ಮಾಡುವುದಿಲ್ಲ: ಬಚ್ಚಲ ಒಲೆಗೆ ಹಾಕಿದ ಕರಟ ಹೇಗೆ ಭಗ್ಗನೆ ಹತ್ತಿಕೊಳ್ಳುತ್ತದೆಂದು ಬಲ್ಲವರು ಅದರ ನಡುವೆ ದೀಪ ಇಡಲಾರರು. ಮೇಣದ ಮೇಲೆ ಒಣ ಹೂ ಜೋಡಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೇಣವನ್ನು ನೇರ ಉರಿಯ ಮೇಲೆ ಕಾಯಿಸಬಾರದು, ಕಾಯುತ್ತಿರುವಾಗ ಒಲೆ ಬಿಟ್ಟು ಹೋಗಬಾರದು. ಒಂದು ವೇಳೆ ಹೊತ್ತಿಕೊಂಡರೆ ನೀರು ಸುರಿಯದೆ ಮುಚ್ಚಳ ಹಾಕಿ ಒಲೆ ಆರಿಸಬೇಕು. ನೀರು ಬಿದ್ದರೆ ಉರಿಯುವ ಮೇಣ ಸಿಡಿದು ಹರಡುತ್ತದೆ.

ಸೋಯಾ ಮೇಣಕ್ಕೆ ಬೇಸಿಗೆ ಆಗಿಬರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ದಾರಿಯಾಗಿ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ತಂಗಿಗೆ ಕಳಿಸಿದ ಲೋಟಗಳು, ಬಿಸಿಲಿಗೆ ಕಾದ ಡಿಕ್ಕಿಯೊಳಗೆ ಮೆತ್ತಗಾಗಿ ಎಣ್ಣೆ ಬಿಡುತ್ತವೆ. ಅದರಿಂದ ಬೇಸಿಗೆಯಲ್ಲಿ ಕಳಿಸುವುದಿದ್ದರೆ ಜೇನುಮೇಣದ್ದು ಮಾತ್ರ.

ಮಾರಬಾರದೇಕೆ ಎಂದು ಬಹಳ ಮಂದಿ ಕೇಳುತ್ತಾರೆ. ಮೇಣದಬತ್ತಿಯ ವಿಷಯ ಬೇರೆ. ಮೈಗೆ ಹಚ್ಚುವ ಸಾಬೂನು ಸೌಂದರ್ಯವರ್ಧಕಗಳ ಸಾಲಿಗೆ ಸೇರುತ್ತದೆ. ಅದನ್ನು ಮಾರಾಟಕ್ಕಾಗಿ ತಯಾರಿಸಲು 1940 ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020 ರ ಸೌಂದರ್ಯವರ್ಧಕ ನಿಯಮಗಳ ಅಡಿಯಲ್ಲಿ ಪರವಾನಗಿ ಬೇಕು, ಅಡುಗೆಮನೆಯಲ್ಲಿ ಬೇಸ್ ಕರಗಿಸಿದ್ದಕ್ಕೂ ಇದರಲ್ಲಿ ವಿನಾಯಿತಿಯಿಲ್ಲ. ಆದ್ದರಿಂದ ನನ್ನ ಸಾಬೂನು ನೆಂಟರಿಷ್ಟರ ಮನೆಗಷ್ಟೇ ಹೋಗುತ್ತದೆ. ಹೋಗುವ ಪ್ರತಿ ಪೊಟ್ಟಣದ ಮೇಲೂ ಮಾಡಿದ ತಿಂಗಳು ಮತ್ತು ಹಾಕಿದ ಪದಾರ್ಥಗಳನ್ನು ಬರೆದು ಅಂಟಿಸುತ್ತೇನೆ, ಮಜ್ಜಿಗೆ ಹುಲ್ಲಿನ ಎಣ್ಣೆ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಗೊತ್ತಿದ್ದರೆ ಅವರು ಅದನ್ನು ಬಿಟ್ಟು ಚೆಂಡುಹೂವಿನದನ್ನು ತೆಗೆದುಕೊಳ್ಳುತ್ತಾರೆ.